ಎರಡು ಹಾಳೆಗಳ ನಡುವಿನ ತೂಬು

ಜೂನ್ 3, 2025, ಮಂಗಳವಾರ

ಹೊಸ ನೋಟ್‌ಬುಕ್ಕು, ಹೊಸ ರಗಳೆ. ಆಫೀಸಿನ ಹಳೇ ಅಭ್ಯಾಸದಂತೆ ಮೊದಲ ಪುಟದಲ್ಲೇ ಕೆಲಸದ ವಿವರ ಬರೆದು ಬಿಡುತ್ತೇನೆ.

ಇಪ್ಪತ್ತೇಳು ವರ್ಷ ನೀರಾವರಿ ಇಲಾಖೆಯಲ್ಲಿ ನಕ್ಷೆ ತೆಗೆದವನು ನಾನು, ರವಿಚಂದ್ರ. ಡ್ರಾಯಿಂಗ್ ಬೋರ್ಡು ಹೋಗಿ ಕಂಪ್ಯೂಟರ್ ಬಂದ ಮೇಲೆ ನನ್ನ ಕೈಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಸ್ವಯಂ ನಿವೃತ್ತಿ ತಗೊಂಡೆ. ಈಗ ತಿ. ನರಸೀಪುರದ ಮನೆಯಿಂದ ಸುತ್ತೂರು ಮೇಲೆ ಹೋಗುವ ಬಸ್ಸು ಹತ್ತಿ ದಿನಾ ನಂಜನಗೂಡಿಗೆ ಬರುತ್ತೇನೆ. ಇಲ್ಲಿ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಏಳು ಜನರ ಸಾಫ್ಟ್‌ವೇರ್ ಆಫೀಸಿದೆ. ನಡೆಸುವವರು ಮಧುಶ್ರೀ. ವಯಸ್ಸು ಮೂವತ್ತು ದಾಟಿಲ್ಲ. ಅವರು ಮಾಡಿರುವ 'ಸರದಿ' ಎಂಬ ಆ್ಯಪ್ ಈ ವರ್ಷ ಹದಿನೇಳನೇ ಕವಲು ನಾಲೆಯ ನೀರುಗಂಟಿಗಳ ಮೊಬೈಲಿಗೆ ಹೋಗುತ್ತದೆ. ಯಾವ ತೂಬನ್ನು ಯಾವ ದಿನ ಎಷ್ಟು ಹೊತ್ತು ತೆರೆಯಬೇಕೆಂದು ಅದು ಹೇಳುತ್ತದೆ, ತೆರೆದವನು ಫೋಟೋ ತೆಗೆದು ಕಳಿಸಬೇಕು. ಪಟ್ಟಿಯಲ್ಲಿಲ್ಲದ ತೂಬಿಗೆ ಕೈ ಹಾಕಿದರೆ ನೋಟಿಸು. ಜುಲೈ ಮಧ್ಯದಲ್ಲಿ ನಾಲೆಗೆ ನೀರು ಬಿಡುತ್ತಾರೆ. ಅಷ್ಟರೊಳಗೆ ಆ್ಯಪ್ ಬಳಸುವುದು ಹೇಗೆಂದು ತಿಳಿಸುವ ಕೈಪಿಡಿ ಅವರ ಕೈಯಲ್ಲಿರಬೇಕು. ಬರೆಯುವ ಕೆಲಸ ನನ್ನದು.

ನಾಲ್ಕು ತಿಂಗಳು ಕೂತು ಬರೆದ ನೂರ ನಲವತ್ತಾರು ಪುಟಗಳನ್ನು ಇವತ್ತು ಮೇಡಂ ಮೇಜಿನ ಮೇಲಿಟ್ಟೆ. ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದೆ. ಅವರು ನಾಲ್ಕಾರು ಪುಟ ತಿರುವಿ, "ಕನ್ನಡ ತುಂಬಾ ಚೆನ್ನಾಗಿದೆ ಸರ್" ಅಂದರು. ಆಮೇಲೆ ಕತ್ತರಿ ತಗೊಂಡು ಬೈಂಡಿಂಗ್ ಬಿಚ್ಚಿದರು.

"ಬೇಜಾರು ಮಾಡ್ಕೋಬೇಡಿ. ಇದು ಓದೋವ್ನಿಗೆ ದಾರಿ ಸಿಗುತ್ತಾ ಅಂತ ಚಿತ್ರ ಬರ್ದು ನೋಡೋಣ."

ಚಿತ್ರ. ನನಗೆ.

ಜೂನ್ 5, ಗುರುವಾರ

ಗೋಡೆ ತುಂಬ ಡಬ್ಬಿಗಳು. ಒಂದು ಪುಟಕ್ಕೆ ಒಂದು ಡಬ್ಬಿ, ಅದನ್ನು ಓದಿದವನು ಮುಂದೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಒಂದು ಬಾಣ. ಮೇಡಂ ಸ್ಕೆಚ್ ಪೆನ್ನಲ್ಲಿ ಎಳೆಯುವ ಗೆರೆ ನೋಡಲಾಗುವುದಿಲ್ಲ. ಚೌಕ ಅನ್ನುವುದು ಆಲೂಗಡ್ಡೆಯ ಹಾಗೆ ಬರುತ್ತದೆ. ಸ್ಕೇಲು ಕೊಡಲು ಹೋದೆ. "ಪರ್ವಾಗಿಲ್ಲ ಸರ್, ಹೇಗೂ ಅಳಿಸೋದೇ" ಅಂದರು.

ಅಳಿಸುವುದಕ್ಕೆ ಅಂತಲೇ ಬರೆಯುವ ನಕ್ಷೆಯನ್ನು ನಾನು ಕಂಡಿರಲಿಲ್ಲ.

ಜೂನ್ 9, ಸೋಮವಾರ

ನಿನ್ನೆ ಭಾನುವಾರ ಇಡೀ ದಿನ ಕೂತು ಗೋಡೆಯ ಆ ಗೋಜಲನ್ನು ಟ್ರೇಸಿಂಗ್ ಪೇಪರಿನ ಮೇಲೆ ಅಚ್ಚುಕಟ್ಟಾಗಿ ಬರೆದೆ. ಎಷ್ಟೋ ವರ್ಷದ ಮೇಲೆ ಡ್ರಾಯಿಂಗ್ ಪೆನ್ನು ತೊಳೆದೆ. ಇಂಕು ಬೆರಳಿಗೆ ಹತ್ತಿದ ಕೂಡಲೇ ಹಳೇ ಡ್ರಾಯಿಂಗ್ ಬ್ರಾಂಚ್ ಕಣ್ಣ ಮುಂದೆ ಬಂತು. ಉದ್ದನೆಯ ಹಾಲ್, ಉತ್ತರಕ್ಕೆ ಆರು ಕಿಟಕಿ, ಹನ್ನೊಂದು ಬೋರ್ಡು. ಬೆವರಿದ ಕೈ ಕಾಗದಕ್ಕೆ ತಾಗದಿರಲೆಂದು ಮೊಣಕೈ ಕೆಳಗೆ ಕರ್ಚೀಫು. ತಪ್ಪಾದರೆ ಅರ್ಧ ಬ್ಲೇಡಿನಿಂದ ಇಂಕನ್ನು ಹೆರೆದು, ಆ ಜಾಗವನ್ನು ಉಗುರಿನಿಂದ ಉಜ್ಜಿ ನಯ ಮಾಡಿ, ಮತ್ತೆ ಗೆರೆ. ಪಕ್ಕದ ಕೋಣೆಯಲ್ಲಿ ನಕ್ಷೆಗಳ ನಕಲಿಗೆ ಅಮೋನಿಯಾ ಪ್ರಿಂಟು ತೆಗೆಯುವಾಗ ಎಲ್ಲರ ಕಣ್ಣಲ್ಲೂ ನೀರು. ಹೆಡ್ ಡ್ರಾಫ್ಟ್ಸ್‌ಮನ್ ರಂಗಸ್ವಾಮಿಯವರು ಬೆನ್ನ ಹಿಂದೆ ಬಂದು ನಿಂತರೆ ಉಸಿರು ಬಿಗಿ ಹಿಡಿಯುತ್ತಿದ್ದೆವು. ನನ್ನ ಬೆನ್ನ ಹಿಂದೆ ಮಾತ್ರ ಅವರು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. "ನಿನ್ ಕೈ ಮೇಲೆ ನೋಡೋದೇನಿದೆಯೋ" ಅಂದು ಮುಂದಕ್ಕೆ ಹೋಗುತ್ತಿದ್ದರು. ಆ ಮಾತು ಕೇಳಿದ ದಿನ ನಾನು ಬಸ್ಸಿಗೆ ಕಾಯದೆ ನಡೆದೇ ಮನೆಗೆ ಹೋಗುತ್ತಿದ್ದೆ. ಆ ದಿನಗಳು ಬಹಳ ನೆನಪಾಗುತ್ತವೆ.

ಇವತ್ತು ಹಾಳೆ ಬಿಡಿಸಿ ತೋರಿಸಿದೆ. ಮೇಡಂ ಹಾಳೆಯ ಮೇಲೆ ಬಗ್ಗಿ ನೋಡಿದರು. "ಎಷ್ಟು ಚೆಂದ ಇದೆ ಸರ್. ಆದ್ರೆ ಇದನ್ನ ಬದಲಾಯ್ಸೋಕೆ ಯಾರಿಗೂ ಮನಸ್ಸು ಬರಲ್ಲ."

ಹಾಳೆ ಸುತ್ತಿ ಬೀರುವಿನ ಮೇಲಿಟ್ಟೆ.

ಜೂನ್ 11, ಬುಧವಾರ

ಒಪ್ಪಿಕೊಳ್ಳಬೇಕು, ಆ ಆಲೂಗಡ್ಡೆ ಡಬ್ಬಿಗಳು ಏನನ್ನೋ ತೋರಿಸುತ್ತವೆ. ಒಂಬತ್ತು ಪುಟಗಳಿಗೆ ಯಾವ ಕಡೆಯಿಂದಲೂ ಬಾಣ ಬರುವುದಿಲ್ಲ. ಅವು ಅಲ್ಲಿವೆ ಎಂದು ಬರೆದ ನನಗೊಬ್ಬನಿಗೇ ಗೊತ್ತು. ಮೊಬೈಲಿಗೆ ಸಿಗ್ನಲ್ ಇಲ್ಲದಿದ್ದರೆ ಏನು ಮಾಡಬೇಕು ಅನ್ನುವುದು ಅದರಲ್ಲೊಂದು. ನಾಲೆ ಏರಿಯ ಮೇಲೆ ನಿಂತವನಿಗೆ ಮೊದಲು ಬೇಕಾಗುವುದು ಅದೇ ಪುಟ.

ಇನ್ನೊಂದು ಕಡೆ ಎರಡು ಡಬ್ಬಿಗಳು ಒಂದರ ಕಡೆಗೊಂದು ಬಾಣ ಹೂಡಿ ನಿಂತಿವೆ. ನಲವತ್ತೊಂದನೇ ಪುಟ ತೂಬುಗಳ ಪಟ್ಟಿಯದು. ಅಲ್ಲಿ ನಾನು, 'ತೂಬು ಪಟ್ಟಿಯಲ್ಲಿ ಕಾಣದಿದ್ದರೆ ಪುಟ 88 ನೋಡಿ' ಎಂದು ಬರೆದಿದ್ದೇನೆ. ಎಂಬತ್ತೆಂಟರಲ್ಲಿ, 'ಪಟ್ಟಿಯಲ್ಲಿಲ್ಲದ ತೂಬಿನ ಬಗ್ಗೆ ಪುಟ 41ರಲ್ಲಿ ಹೇಳಿದೆ' ಎಂದಿದೆ. ಇದರಲ್ಲಿ ಇದೆಯೆಂದು ಅದರಲ್ಲಿ ಬಿಟ್ಟಿದ್ದೇನೆ, ಅದರಲ್ಲಿ ಇದೆಯೆಂದು ಇದರಲ್ಲಿ ಬಿಟ್ಟಿದ್ದೇನೆ. ವಿಷಯ ಎಲ್ಲೂ ಇಲ್ಲ.

"ಅಂಥಾ ಪುಟಾನೇ ಬೇಕಾಗಿಲ್ಲ ಮೇಡಂ" ಅಂದೆ. "ಪಟ್ಟಿಯಲ್ಲಿಲ್ಲದ ತೂಬು ಅಂತ ಒಂದಿಲ್ಲ. ಆ ಪಟ್ಟಿ ಬಂದಿರೋದು ನನ್ ಲೈನ್ ಡಯಾಗ್ರಾಮಿಂದ."

ಹೇಳುವಾಗ ನನ್ನ ದನಿ ಸ್ವಲ್ಪ ಏರಿತೇನೋ. ಗೋಡೆಯ ಮೇಲೆ ಅದರದೇ ಪ್ರಿಂಟು ಕಟ್ಟು ಹಾಕಿಸಿ ತೂಗುಹಾಕಿದ್ದಾರೆ, ನಾನೇ ಕೊಟ್ಟಿದ್ದು. ನಾಲೆಯ ಅಂಕುಡೊಂಕನ್ನೆಲ್ಲ ತೆಗೆದು ನೆಟ್ಟನೆಯ ಒಂದು ಗೆರೆ, ಅದರ ಎಡಬಲಕ್ಕೆ ಒಂದೊಂದು ತೂಬಿಗೂ ಒಂದೊಂದು ಗೀಟು, ಪಕ್ಕದಲ್ಲಿ ನಾಲೆಯ ಬಾಯಿಂದ ಎಷ್ಟು ಮೀಟರು ಎಂಬ ಲೆಕ್ಕ. 1998ರಲ್ಲಿ ಎರಡು ಹಾಳೆಗಳಲ್ಲಿ ಬರೆದು ಜೋಡಿಸಿದ್ದು. ಹನ್ನೆರಡು ಕಿಲೋಮೀಟರು, ಇಪ್ಪತ್ತಾರು ತೂಬು. ಅದನ್ನು ನೋಡಿದ ದೊಡ್ಡ ಇಂಜಿನಿಯರ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ್ದರು. ಮೂಲೆಯಲ್ಲಿ 'ನಕ್ಷೆ ತೆಗೆದವರು' ಎಂಬಲ್ಲಿ ನನ್ನ ಸಹಿ, 'ಪರಿಶೀಲಿಸಿದವರು' ಎಂಬಲ್ಲಿ ರಂಗಸ್ವಾಮಿಯವರ ಸಹಿ.

"ಇರ್ಲಿ ಸರ್, ಒಂದು ಡಬ್ಬಿ ಖಾಲಿ ಬಿಟ್ಟಿರೋಣ" ಅಂದು ಮೇಡಂ ಎರಡು ಡಬ್ಬಿಗಳ ನಡುವೆ ಚುಕ್ಕಿ ಗೆರೆಯಲ್ಲಿ ಒಂದು ಚೌಕ ಬರೆದರು. ಅದೂ ಸೊಟ್ಟಗೆ.

ಜೂನ್ 19, ಗುರುವಾರ

ಇವತ್ತು ಬಹಳ ಸಂತೋಷದ ದಿನ.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ನಾನು ಕೈಪಿಡಿಯನ್ನು ಆ್ಯಪಿನ ಬಟನ್ನುಗಳ ಕ್ರಮದಲ್ಲಿ ಬರೆದಿದ್ದೇನೆ. ನೀರುಗಂಟಿಗೆ ಬಟನ್ನು ಕಟ್ಟಿಕೊಂಡು ಏನಾಗಬೇಕು. ಅವನ ದಿನ ನಾಲೆಯ ಮೇಲ್ಗಡೆಯಿಂದ ಕೆಳಗಡೆಗೆ ಹೋಗುತ್ತದೆ. ಕೈಪಿಡಿಯೂ ಹಾಗೇ ಹೋಗಬೇಕು. ಬೆಳಿಗ್ಗೆ ಮನೆಯಿಂದ ಹೊರಡುವುದು ಮೇಲ್ತುದಿ, ಸಂಜೆ ಕೊನೆಯ ತೂಬು ಮುಚ್ಚುವುದು ಕೆಳತುದಿ, ನಡುವೆ ಬರುವ ತೊಡಕುಗಳೆಲ್ಲ ಎಡಬಲದ ಕವಲು.

ಗೋಡೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ತೋರಿಸಿದೆ. ಮೇಡಂ ಕುರ್ಚಿ ಬಿಟ್ಟು ಎದ್ದು ಬಂದರು. ಮಧ್ಯಾಹ್ನದವರೆಗೆ ಇಬ್ಬರೂ ನಿಂತೇ ಇದ್ದೆವು. ನೂರ ನಲವತ್ತಾರರಲ್ಲಿ ಎಪ್ಪತ್ತು ಪುಟ ಬೇಕಿಲ್ಲ ಎಂದು ತಿಳಿಯಿತು. ಸ್ವಲ್ಪ ಸಂಕಟವಾಯಿತು, ನಿಜ. ಆದರೆ ರಂಗಸ್ವಾಮಿಯವರು ಇದ್ದಿದ್ದರೆ ಮೆಚ್ಚುತ್ತಿದ್ದರು ಅನ್ನಿಸಿತು.

ಜೂನ್ 23, ಸೋಮವಾರ

ಹೊಸ ಕರಡು ಓದಿಸಿ ನೋಡಲು ನೀರುಗಂಟಿಗಳನ್ನು ಕರೆಸಿದ್ದರು. ಇಬ್ಬರು ಬರಲಿಲ್ಲ. ಬಂದವನು ಚಾಮಯ್ಯ, ನಾಲೆಯ ಕೆಳಗಡೆಯ ನೀರುಗಂಟಿ. ಅರವತ್ತರ ಹತ್ತಿರ ಇರಬೇಕು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿದ. ತೊಡರದೆ ಓದುತ್ತಾನೆ. ಪಟ್ಟಿಯ ಪುಟಕ್ಕೆ ಬಂದು ನಿಂತ. ಮುಂದಕ್ಕೆ ತಿರುವಿದ, ಹಿಂದಕ್ಕೆ ತಿರುವಿದ, ಮತ್ತೆ ಮುಂದಕ್ಕೆ. ಆ ಎರಡು ಪುಟಗಳನ್ನು ನಾನು ಇನ್ನೂ ತಿದ್ದಿರಲಿಲ್ಲ.

"ಯಾಕಯ್ಯ, ಏನಾಯ್ತು?" ಅಂದೆ.

"ಇದು ಅಲ್ಗೋಗು ಅಂತದೆ, ಅದು ಇಲ್ಗೋಗು ಅಂತದೆ ಸಾ. ಇಪ್ಪತ್ಮೂರ್ನೇ ತೂಬು ಆದ್ಮೇಲೆ ಇಪ್ಪತ್ನಾಕು ಬರ್ದವ್ರೆ. ಮದ್ಯದಾಗೆ ಬಲಗಡಿಕೆ ಒಂದು ಅದಲ್ಲ ಸಾ, ಮಂಚಮ್ಮಾರ ಗದ್ದೆ ತೂಬು."

"ಅಲ್ಲಿ ಯಾವ ತೂಬೂ ಇಲ್ಲ. ಯಾರೋ ಕದ್ದು ಪೈಪು ಹಾಕ್ಕೊಂಡಿರ್ತಾರೆ."

ಚಾಮಯ್ಯ ನನ್ನ ಮುಖ ನೋಡಿದ. "ಸರಿ ಸಾ" ಅಂದ. ಅಷ್ಟೇ. ಉಳಿದ ಪುಟಗಳನ್ನು ಓದಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದ.

ಮೇಡಂ ಆ ಚುಕ್ಕಿ ಗೆರೆಯ ಚೌಕವನ್ನೇ ನೋಡುತ್ತಿದ್ದರು. ನನಗೆ ಅದು ಹಿಡಿಸಲಿಲ್ಲ.

ಜೂನ್ 24, ಮಂಗಳವಾರ

ಎಲ್ಲರೂ ಊಟಕ್ಕೆ ಹೋದಾಗ ಕಟ್ಟು ಹಾಕಿದ ಪ್ರಿಂಟನ್ನು ಇಳಿಸಿ ನೋಡಿದೆ. ಎರಡು ಹಾಳೆ ಕೂಡುವುದು ಹನ್ನೊಂದು ಸಾವಿರದ ನಾನೂರು ಮೀಟರಿನಲ್ಲಿ; ಎರಡನೆಯದರಲ್ಲಿ ನಾಲೆಯ ಕೊನೆಯ ತುಂಡು, ಮಿಕ್ಕ ಜಾಗವೆಲ್ಲ ಅಳತೆಯ ಕೋಷ್ಟಕ. ಇಪ್ಪತ್ಮೂರು ಆ ಕಡೆ, ಇಪ್ಪತ್ತನಾಲ್ಕು ಈ ಕಡೆ.

ಮತ್ತೆ ತೂಗುಹಾಕಿದೆ.

ಜೂನ್ 28, ಶನಿವಾರ

ಬೆಳಿಗ್ಗೆ ಬಸ್ಸು ಇಳಿದು ನಾಲೆ ಏರಿಯ ಮೇಲೆ ನಡೆದೆ. ನಾಲೆ ಒಣಗಿತ್ತು. ಇಪ್ಪತ್ಮೂರನೇ ತೂಬಿನ ಹತ್ತಿರ ಚಾಮಯ್ಯ ಹೂಳು ತೆಗೆಯುತ್ತಿದ್ದ. ಬರುತ್ತೇನೆಂದು ನಾನು ಹೇಳಿರಲಿಲ್ಲ, ಆದರೂ ಅವನಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. "ಬನ್ನಿ ಸಾ" ಅಂದು ಮುಂದೆ ನಡೆದ.

ಮುನ್ನೂರು ಹೆಜ್ಜೆ ಆದ ಮೇಲೆ ಬಲಗಡೆ ತೂಬಿತ್ತು. ಪೈಪಲ್ಲ. ಕಲ್ಲು ಕಟ್ಟಡ, ಕಬ್ಬಿಣದ ಹಲಗೆ, ಉಳಿದ ಇಪ್ಪತ್ತಾರಕ್ಕೆ ಹಾಕಿದ್ದೇ ತಿರುಪು. ಇಲಾಖೆಯೇ ಕಟ್ಟಿಸಿದ್ದು.

ನೆನಪು ಬಂತು. ಒಂದನೇ ಹಾಳೆ ಮುಗಿಸಿದ್ದು ಮೇ ತಿಂಗಳ ಒಂದು ಶನಿವಾರ ಸಂಜೆ. ಮರುದಿನ ಬನ್ನೂರಿನಲ್ಲಿ ನನ್ನ ಮದುವೆಯ ಚಪ್ಪರ. ಇಡೀ ಡ್ರಾಯಿಂಗ್ ಬ್ರಾಂಚ್ ಕೀಟಲೆ ಮಾಡುತ್ತಿತ್ತು. ಆ ತೂಬು ಹಾಳೆಯ ಅಂಚಿನ ಗೆರೆಯ ಮೇಲೇ ಬಂದಿತ್ತು, ಎರಡನೇ ಹಾಳೆಯಲ್ಲಿ ಹಾಕಿದರಾಯಿತು ಎಂದು ಬಿಟ್ಟೆ. ಹದಿನೈದು ದಿನ ರಜೆ. ವಾಣಿಯ ಜೊತೆ ನೆಂಟರ ಮನೆಗಳನ್ನೆಲ್ಲ ಸುತ್ತಿ, ಕೈಯಲ್ಲಿ ಅರಿಶಿನದ ಬಣ್ಣ ಇನ್ನೂ ಇರುವಾಗಲೇ ಬಂದು ಎರಡನೇ ಹಾಳೆಗೆ ಕೂತೆ. ಅಂಚಿನ ತೂಬು ಒಂದನೆಯದರಲ್ಲೇ ಬಂದಿದೆ ಎಂದುಕೊಂಡೆ. ಅಷ್ಟು ಸುಖವಾಗಿ ನಾನು ಮತ್ತೆ ಯಾವ ನಕ್ಷೆಯನ್ನೂ ಬರೆದಿಲ್ಲ. ಬರೆಯುತ್ತ ಹಾಡು ಗುನುಗುತ್ತಿದ್ದೆನಂತೆ, ರಂಗಸ್ವಾಮಿಯವರು ನಕ್ಕು, ನೋಡದೆಯೇ ಸಹಿ ಹಾಕಿದರು.

ಏರಿಯ ಮೇಲೆ ಕೂತೆ. ಚಾಮಯ್ಯನೂ ಸ್ವಲ್ಪ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಇಷ್ಟು ವರ್ಷ ಇದಕ್ಕೆ ನೀರು ಹೆಂಗೆ ಬಿಡ್ತಿದ್ದೆ?"

"ಕಾಗದದಾಗೆ ಇಲ್ಲ ಅಂತ ಮೊದಲ್ನೇ ವರ್ಸವೇ ಗೊತ್ತಾಯ್ತು ಸಾ. ಆಪೀಸಲ್ಲಿ ಕೇಳಿದ್ರೆ, ಇಲ್ದಿದ್ದು ಅಂದ್ಮೇಲೆ ಮುಚ್ಚು ಅಂದ್ಬುಡ್ತಿದ್ರು. ಅದ್ಕೆ ಕೇಳ್ನಿಲ್ಲ. ಎಲ್ಲಾ ತೂಬೂ ಮುಗುದು, ಇಂಜಿನೇರ್ರು ಒಂಟೋದ್ಮೇಲೆ, ಮಿಕ್ಕಿದ್ದ ನೀರ ಇತ್ತ ಬುಡ್ತಿದ್ದೆ. ಅನ್ನೆರಡು ಮನೆಯೋರ್ದು, ಮೂವತ್ತೊಂದು ಎಕ್ರೆ ಸಾ. ಈಗ ಪೋನಲ್ಲಿ ಪೋಟ ಕೇಳ್ತದಲ್ಲ, ಬುಡಕಾಗಕಿಲ್ಲ."

ಎಲ್ಲರಿಗಿಂತ ಹತ್ತು ಹನ್ನೆರಡು ದಿನ ತಡವಾಗಿ ನಾಟಿ, ತಡವಾಗಿ ಕುಯ್ಲು, ಪ್ರತಿ ವರ್ಷ. ಇನ್ನು ಮುಂದೆ ಅದೂ ಇಲ್ಲ.

ಅಷ್ಟರಲ್ಲಿ ಕೆಳಗಿನ ಗದ್ದೆಯಿಂದ ಒಬ್ಬ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಎಪ್ಪತ್ತು ದಾಟಿದೆ, ಗಂಟಲು ಮಾತ್ರ ಗಟ್ಟಿ. ಅವರೇ ಮಂಚಮ್ಮ. ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಲೇ ಚಾಮ, ಈ ಸಲನಾರ ಒತ್ತಿಗ್ ಸರ್ಯಾಗಿ ನೀರ್ ಬುಟ್ಟಿಯೇನ್ಲಾ? ಊರೋರ್ಗೆಲ್ಲ ಮೊದ್ಲು, ನಮ್ಗೆ ಕೊನೆ. ಇಪ್ಪತ್ತೈದ್ ವರ್ಸದಿಂದ ನೋಡ್ತಾ ಇವ್ನಿ ನಿನ್ ಸೋಂಬೇರಿತನವ."

"ಬುಡ್ತೀನಿ ಕಣವ್ವ" ಅಂದ ಚಾಮಯ್ಯ.

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಜುಲೈ 1, ಮಂಗಳವಾರ

ಮೇಡಂಗೆ ಹೇಳಿದೆ. ಒಂದು ತೂಬು ಬಿಟ್ಟುಹೋಗಿದೆ, ಇಲಾಖೆಯ ಕಡೆಯಿಂದ ಆದದ್ದು ಎಂದೆ. ಮೇಡಂ ಸಬ್ ಡಿವಿಷನ್ ಇಂಜಿನಿಯರ್ ಹೇಮಂತ್ ಅವರಿಗೆ ಫೋನ್ ಮಾಡಿದರು. ಪಟ್ಟಿಗೆ ಬೀಗ ಹಾಕಿಟ್ಟಿರುವುದು ಇಲಾಖೆ, ನಾವು ಸೇರಿಸುವಂತಿಲ್ಲ. ತೂಬು ಮೊದಲಿನಿಂದ ಇದ್ದದ್ದೇ ಎಂಬುದಕ್ಕೆ ದಾಖಲೆ ಕೊಟ್ಟರೆ ಸೇರಿಸುತ್ತಾರೆ. ಹತ್ತನೇ ತಾರೀಖು ಕೊನೆ. ಆಮೇಲೆ ಈ ಹಂಗಾಮಿಗೆ ಆಗುವುದಿಲ್ಲ.

ಇಲಾಖೆಯ ಕಡೆಯಿಂದ ಎಂದು ಹೇಳಿದ್ದು ಸುಳ್ಳೇನಲ್ಲ. ನಾನು ಆಗ ಇಲಾಖೆಯಲ್ಲೇ ಇದ್ದೆ.

ಇದನ್ನು ಬರೆದು ಓದಿಕೊಂಡರೆ ನನಗೇ ನಾಚಿಕೆಯಾಗುತ್ತದೆ.

ಜುಲೈ 4, ಶುಕ್ರವಾರ

ರಜೆ ಹಾಕಿ ಹಳೇ ಆಫೀಸಿಗೆ ಹೋಗಿದ್ದೆ. ಡ್ರಾಯಿಂಗ್ ಬ್ರಾಂಚ್ ಈಗ ಮುರಿದ ಕುರ್ಚಿಗಳ ಉಗ್ರಾಣ. ಉತ್ತರದ ಆರು ಕಿಟಕಿಗಳಲ್ಲಿ ನಾಲ್ಕಕ್ಕೆ ಹಲಗೆ ಹೊಡೆದಿದ್ದಾರೆ. ನನ್ನ ಬೋರ್ಡು ಇದ್ದ ಜಾಗ ಹುಡುಕಿದೆ. ನೆಲದಲ್ಲಿ ಸ್ಟೂಲಿನ ಕಾಲು ಸವೆಸಿದ ನಾಲ್ಕು ಗುಳಿ ಹಾಗೇ ಇವೆ. ಅಲ್ಲಿ ಸ್ವಲ್ಪ ಹೊತ್ತು ನಿಂತೆ.

ರೆಕಾರ್ಡ್ ರೂಮಿನಲ್ಲಿ ಮೂರು ಗಂಟೆ ಧೂಳು ಕುಡಿದು ಸರ್ವೆಯವರ ಫೀಲ್ಡ್ ಬುಕ್ ಹುಡುಕಿ ತೆಗೆದೆ. ಪೆನ್ಸಿಲಿನಲ್ಲಿ ಸ್ಪಷ್ಟವಾಗಿದೆ: 11,400, ಬಲ, ತೂಬು.

ಹೇಮಂತ್ ಒಳ್ಳೆಯ ಹುಡುಗ. ಕುರ್ಚಿ ಹಾಕಿಸಿ ಕೂರಿಸಿದರು. "ಫೀಲ್ಡ್ ಬುಕ್ಕಲ್ಲಿ ಇದೆ ಸರ್, ಒಪ್ತೀನಿ. ಆದ್ರೆ ಮಂಜೂರಾದ ನಕ್ಷೇಲಿ ಇಲ್ವಲ್ಲ. ಬೇಕು ಅಂತ ಕೈಬಿಟ್ರಾ, ತಪ್ಪಿ ಬಿಟ್ಟುಹೋಯ್ತಾ? ಯಾರಾದ್ರೂ ಗೊತ್ತಿರೋರು ಬರೆದು ಕೊಡ್ಬೇಕು." ಆಮೇಲೆ ನಕ್ಷೆಯ ಮೂಲೆಗೆ ಬೆರಳಿಟ್ಟು, "ಈ ಸಹಿ ಓದೋಕಾಗ್ತಿಲ್ಲ, ಯಾರದ್ದು ಗೊತ್ತಾ ನಿಮ್ಗೆ? ಇನ್ನೊಂದು ರಂಗಸ್ವಾಮಿ ಅಂತ ಇದೆ, ಅವ್ರು ತೀರ್ಕೊಂಡ್ರಂತೆ. ಅವರ್ದೇ ತಪ್ಪು ಅಂತ ಬರೆದ್ರೂ ನಡೆಯುತ್ತೆ" ಅಂದರು.

ಒಂದು ಗಳಿಗೆ, ಹೌದು ಅನ್ನಬಹುದು ಅನ್ನಿಸಿತು. ಸತ್ತವರನ್ನು ಯಾರು ಕೇಳುತ್ತಾರೆ. ಹಾಗೆ ಅನ್ನಿಸಿದ್ದನ್ನು ಇಲ್ಲಿ ಬರೆದಿಡಲೇಬೇಕು.

"ವಿಚಾರಿಸಿ ಹೇಳ್ತೀನಿ" ಎಂದು ಎದ್ದು ಬಂದೆ.

ಜುಲೈ 7, ಸೋಮವಾರ

ಬೆಳಿಗ್ಗೆ ಕಾಫಿ ಕುಡಿಯುವಾಗ ವಾಣಿಗೆ ಎಲ್ಲ ಹೇಳಿದೆ. ಮದುವೆ, ಎರಡು ಹಾಳೆ, ರಂಗಸ್ವಾಮಿಯವರ ಸಹಿ. ಕೇಳಿ ಮೊದಲು ನಕ್ಕಳು. "ಅಂತೂ ನನ್ನ ಕಾಲ್ಗುಣ ಅನ್ನಿ."

ಆಮೇಲೆ ನಗು ನಿಲ್ಲಿಸಿ, "ಆ ಅಜ್ಜಿ ನೀರಿಗೆ ಇಪ್ಪತ್ತೇಳು ವರ್ಷ ಕಾದಿದ್ದಾರೆ. ನಿಮಗೆ ಒಂದು ಕಾಗದ ಬರೆಯೋಕೆ ಎಷ್ಟು ದಿನ ಬೇಕು?" ಅಂದಳು.

ಕೂತೆ. ನಾಲ್ಕು ಸಲ ಹರಿದೆ. ಕೊನೆಗೆ ಇಷ್ಟು ಉಳಿಯಿತು:

'ಹದಿನೇಳನೇ ಕವಲು ನಾಲೆಯ ಲೈನ್ ಡಯಾಗ್ರಾಂ 1998ರಲ್ಲಿ ನಾನು ತೆಗೆದದ್ದು. 11,400 ಮೀಟರಿನಲ್ಲಿ ಬಲಗಡೆಯ ತೂಬು ಎರಡು ಹಾಳೆಗಳು ಕೂಡುವ ಅಂಚಿನಲ್ಲಿ ಬಂದಿತ್ತು. ಎರಡನೇ ಹಾಳೆಯಲ್ಲಿ ಬರುತ್ತದೆಂದು ಒಂದನೆಯದರಲ್ಲಿ ಹಾಕಲಿಲ್ಲ, ಒಂದನೆಯದರಲ್ಲಿ ಬಂದಿದೆಯೆಂದು ಎರಡನೆಯದರಲ್ಲಿ ಹಾಕಲಿಲ್ಲ. ತೂಬು ಅಕ್ರಮವಾದದ್ದಲ್ಲ. ತಪ್ಪು ನನ್ನದೊಬ್ಬನದೇ. ಪರಿಶೀಲಿಸಿದವರು ನನ್ನ ಮೇಲೆ ನಂಬಿಕೆಯಿಟ್ಟು ಸಹಿ ಮಾಡಿದರು.'

ಹೇಮಂತ್ ಅವರ ಕೈಗೇ ಕೊಟ್ಟೆ. ಓದಿದರು, ನನ್ನ ಕಡೆ ನೋಡಿದರು, ಇನ್ನೊಂದು ಸಲ ಓದಿದರು. "ಇವತ್ತೇ ಕಳಿಸ್ತೀನಿ ಸರ್" ಅಂದರು.

ಮಧ್ಯಾಹ್ನದ ಬಸ್ಸಿಗೆ ನಂಜನಗೂಡಿಗೆ ಹೋಗಿ ಮೇಡಂಗೂ ಹೇಳಿದೆ. ಮೊನ್ನೆ ಇಲಾಖೆಯ ಕಡೆಯಿಂದ ಎಂದಿದ್ದು ಸರಿಯಲ್ಲ ಎಂದೂ ಹೇಳಿದೆ. ಅವರು ಎದ್ದು ಗೋಡೆಯ ಹತ್ತಿರ ಕರೆದರು. ಸ್ಕೆಚ್ ಪೆನ್ನು ನನ್ನ ಕೈಗೆ ಕೊಟ್ಟರು. ಚುಕ್ಕಿ ಗೆರೆಯ ಮೇಲೆ ಪೂರಾ ಗೆರೆ ಎಳೆದೆ.

ಜುಲೈ 9, ಬುಧವಾರ

ತೂಬು ಸೇರಿತು. ಇಪ್ಪತ್ಮೂರು ಎ.

ಜುಲೈ 12, ಶನಿವಾರ

ಆ ಪುಟ ಬರೆದು ಮುಗಿಯಿತು. ಹೆಸರು: 'ನಿಮ್ಮ ತೂಬು ಪಟ್ಟಿಯಲ್ಲಿ ಇಲ್ಲದಿದ್ದರೆ'. ಮೊದಲ ಸಲ ಬರೆದದ್ದನ್ನು ಫೋನಿನಲ್ಲಿ ಚಾಮಯ್ಯನವರಿಗೆ ಓದಿದೆ. "ಶುರುವಲ್ಲೇ ತಪ್ಪು ನಿಮ್ದಲ್ಲ ಅಂತ ಆಕ್ಬುಡಿ ಸಾ. ನಮ್ಮೋರು ಎದ್ರಿ ಮುಂದ್ಕೆ ಓದಾಕಿಲ್ಲ" ಅಂದರು. ಹಾಕಿದೆ.

'ತೂಬು ಕಾಣದಿದ್ದರೆ ತಪ್ಪು ನಿಮ್ಮದಲ್ಲ. ತೂಬಿನ ಎದುರು ನಿಂತು ಒಂದು ಫೋಟೋ ತೆಗೆಯಿರಿ. ಹಿಂದಿನ ತೂಬಿನ ನಂಬರು, ಮುಂದಿನ ತೂಬಿನ ನಂಬರು ಒತ್ತಿ ಕಳಿಸಿ. ಇಲಾಖೆಯವರು ಬಂದು ನೋಡುವವರೆಗೆ ಆ ತೂಬನ್ನು ಯಾರೂ ಮುಚ್ಚಿಸುವಂತಿಲ್ಲ.'

ಕೊನೆಯ ಸಾಲಿಗೆ ಹೇಮಂತ್ ಅವರ ಒಪ್ಪಿಗೆ ಪಡೆಯಲು ಎರಡು ದಿನ ಹಿಡಿಯಿತು. ಒಪ್ಪದೆ ನಾನು ಬಿಡಲಿಲ್ಲ.

ಈಗ ಗೋಡೆಯ ಮೇಲಿನ ಗೆರೆಯಲ್ಲಿ ಬಾಣ ಬರದ ಡಬ್ಬಿ ಒಂದೂ ಇಲ್ಲ. ಕೈಪಿಡಿ ನಲವತ್ತಾರು ಪುಟ. ಬೆಳಿಗ್ಗೆ ಇನ್ನೆರಡು ಡಬ್ಬಿ ಅಳಿಸಿ ಜಾಗ ಬದಲಾಯಿಸಿದೆ, ಸ್ಕೇಲು ಎಲ್ಲಿಟ್ಟಿದ್ದೇನೋ ನೆನಪಾಗಲಿಲ್ಲ.

ಜುಲೈ 18, ಶುಕ್ರವಾರ

ಮೊನ್ನೆ ನಾಲೆಗೆ ನೀರು ಬಿಟ್ಟರು. ಇವತ್ತು ಇಪ್ಪತ್ಮೂರು ಎ ತೂಬಿನ ಸರದಿ, ಬೆಳಿಗ್ಗೆ ಹತ್ತಕ್ಕೆ. ಒಂಬತ್ತಕ್ಕೇ ಹೋಗಿ ನಿಂತೆ. ಚಾಮಯ್ಯನವರು ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಮೊಬೈಲು ತೆಗೆದು ಕಣ್ಣಿನಿಂದ ದೂರ ಹಿಡಿದು ನೋಡಿ, ತಿರುಪು ತಿರುಗಿಸಿದರು. ಕಬ್ಬಿಣದ ಹಲಗೆ ಕಿರ್ರೆಂದು ಎದ್ದಿತು. ಕೆಂಪು ನೀರು ನುಗ್ಗಿ ಕಾಲುವೆಗೆ ಇಳಿಯಿತು. ಫೋಟೋ ತೆಗೆದು ಕಳಿಸಿದರು. ಹೋಯಿತು ಎಂದು ಮೊಬೈಲು ಟಿಣ್ ಎಂದಿತು.

ಕೆಳಗಿನಿಂದ ಮಂಚಮ್ಮನವರ ದನಿ. ನೀರು ಇನ್ನೂ ಅವರ ಗದ್ದೆ ಮುಟ್ಟಿರಲಿಲ್ಲ.

"ಎಲ್ಲೋದ್ಯೋ ಲೇ ಚಾಮ? ಈ ವರ್ಸವೂ ನಮ್ದು ಕೊನೇನೇಯಾ?"

ಚಾಮಯ್ಯನವರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ನಾನು ಏರಿ ಇಳಿದು ಹೋದೆ. ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಅವರನ್ನ ಬೈಬೇಡಿ ಅಮ್ಮ. ತಪ್ಪು ನಂದು. ಇಪ್ಪತ್ತೇಳು ವರ್ಷದ ಹಿಂದೆ ನಕ್ಷೆ ಬರೆದೋನು ನಾನು. ನಿಮ್ಮ ತೂಬು ಅದರಲ್ಲಿ ಹಾಕೋದನ್ನ ಬಿಟ್ಟುಬಿಟ್ಟೆ. ಕಾಗದದಲ್ಲಿ ನಿಮಗೆ ಒಂದು ಹನಿ ನೀರೂ ಇರಲಿಲ್ಲ. ಇಷ್ಟು ವರ್ಷ ಬಂದಿದ್ದೆಲ್ಲ ಇವರು ತಮ್ಮ ಮೇಲೆ ಹಾಕ್ಕೊಂಡು ಬಿಟ್ಟಿದ್ದು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನನ್ನು ನೋಡಿದರು, ಏರಿಯ ಮೇಲೆ ನಿಂತಿದ್ದವರನ್ನು ನೋಡಿದರು.

"ನಿಜವೇನ್ಲಾ?"

"ಓಗ್ಲಿ ಬುಡವ್ವ. ನೀರ್ ಬಂತು ನೋಡು, ಬದ ಕಡ್ದು ಮಡೆ ತಿರುಗ್ಸಬೇಕು."

ನೀರು ನಿಜಕ್ಕೂ ಬಂದಿತ್ತು. ಅಕ್ಕಪಕ್ಕದ ಗದ್ದೆಗಳಿಗೆ ಬಂದ ದಿನವೇ ಅವರ ಗದ್ದೆಗೂ ಬಂದಿತ್ತು. ಮಂಚಮ್ಮ ಅದನ್ನು ನೋಡುತ್ತ ನಿಂತರು. ಅಳುತ್ತಾರೇನೋ ಅನ್ನಿಸಿತು, ಅಳಲಿಲ್ಲ. "ನಾನು ಇವನ್ಗೆ ಏನೇನಂದಿವ್ನಿ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ನನ್ನನ್ನು ಬೈಯಬಹುದೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಬದುವಿನ ಮೇಲೆ ಬಟ್ಟೆ ಗಂಟಿನಲ್ಲಿ ಅವರ ಬುತ್ತಿ ಇತ್ತು. ಬಿಚ್ಚಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ.

"ಬಾ ಚಾಮಯ್ಯ, ಕೂತ್ಕೊ."

"ಬ್ಯಾಡ ಕಣವ್ವ, ಮಡೆ..."

"ಕೂತ್ಕೊ ಅಂದ್ನಲ್ಲ. ಅತ್ಲಾಗಲ್ಲ, ಇಲ್ಲಿ, ನನ್ ಪಕ್ಕದಾಗೆ."

ಚಾಮಯ್ಯನವರು ಹಿಂದೆ ಮುಂದೆ ನೋಡಿದರು. ನಿಧಾನವಾಗಿ ಬಂದು ಕೂತರು. ಮಂಚಮ್ಮ ತಮ್ಮ ಡಬ್ಬಿಯ ಮುಚ್ಚಳದಲ್ಲೇ ರೊಟ್ಟಿ ಹಾಕಿ ಕೊಟ್ಟರು. ಆಮೇಲೆ ಬದುವಿಗೆ ಒರಗಿಸಿದ್ದ ಗುದ್ದಲಿಯನ್ನು ನನ್ನ ಕಡೆ ಚಾಚಿದರು.

"ಮಡೆ ತಿರುಗ್ಸೋಕೆ ಬತ್ತದಾ ಸಾ ನಿಮ್ಗೆ?"

"ಬರಲ್ಲ ಅಮ್ಮ."

"ಬರ್ದಿದ್ರೂ ಆಯ್ತು. ಅವ್ನು ಉಣ್ಣಗಂಟ ನಿಂತ್ಕಳಿ."

ಪ್ಯಾಂಟು ಮಡಚಿ ಗದ್ದೆಗೆ ಇಳಿದೆ. ನೀರು ಬದು ಹಿಡಿದು ನನ್ನ ಕಡೆ ಬಂತು. ಎಲ್ಲಿ ಕಡಿಯಬೇಕೋ ತಿಳಿಯಲಿಲ್ಲ, ತಿರುಗಿ ಕೇಳಿದೆ. ಬಾಯಲ್ಲಿ ರೊಟ್ಟಿ ಇತ್ತು, ಚಾಮಯ್ಯನವರು ಕೈಯಲ್ಲೇ ತೋರಿಸಿದರು. ಅಲ್ಲಿ ಕಡಿದೆ. ಅವರು ಊಟ ಮುಗಿಸಿ ಕೈ ತೊಳೆಯುವವರೆಗೆ ನಿಂತಿದ್ದೆ.